ಮಾವನ ಸಿಮೆಂಟಿನ ಊರು

ನಮ್ಮ ಸೋದರಮಾವನಿಗೆ ಹುಚ್ಚು ಇರಲಿಲ್ಲ ಅಂತ ನಾನು ಎಲ್ಲಿ ಬೇಕಾದರೂ ಪ್ರಮಾಣ ಮಾಡುತ್ತೇನೆ. ನಮ್ಮ ಸೀಮೆಗೇ ಏನೋ ಹಿಡಿದಿದೆ ಎಂದು ಹೊರಗಿನವರು ನಂಬುವ ಹಾಗೆ ಮಾಡಿದ್ದ, ಅಷ್ಟೆ.

ಐವತ್ತರ ದಶಕದ ಕೊನೆಯ ಮಾತಿದು. ಡ್ರಾಯಿಂಗ್ ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮಾವ, ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ರಸ್ತೆಯ ಪಕ್ಕ ತನ್ನ ಪಾಲಿಗೆ ಬಂದಿದ್ದ ಬರಡು ಹೊಲದಲ್ಲಿ ಸಿಮೆಂಟಿನ ಮನುಷ್ಯರನ್ನು ಬೆಳೆಯತೊಡಗಿದ. ಕೇಳಿದರೆ, "ಬಸ್ಸಲ್ಲಿ ಹೋಗೋರು ನಮ್ಮ ಕಡೆ ಜನ ಹೆಂಗಿರ್ತಾರೆ ಅಂತ ನೋಡ್ಲಿ" ಎನ್ನುತ್ತಿದ್ದ.

ರಾಗಿ ಬೀಸುವ ಹೆಂಗಸು, ಕೊಡ ಹೊತ್ತ ಹುಡುಗಿ, ಕಂಬಳಿ ಹೊದ್ದ ಅಜ್ಜ, ನೇಗಿಲು ಹೊತ್ತವನು, ಬಸ್ಸಿಗೆ ಕೈ ತೋರಿಸುವವನು. ಎಲ್ಲ ಆಳೆತ್ತರ, ಎಲ್ಲರದೂ ನಮ್ಮೂರಿನವರದೇ ಮುಖ. ಕಣ್ಣಿಗೆ ಕವಡೆ, ಅದರ ನಡುವೆ ಕಪ್ಪು ಬಳೆಚೂರು. ನೀವು ಎತ್ತ ಹೋದರೂ ಆ ಕಣ್ಣು ಹಿಂದೆಯೇ ಬರುತ್ತಿತ್ತು. ನಾಯಿಗಳು ಒಂದು ವಾರ ಬೊಗಳಿದವು. ಆಮೇಲೆ ಬೊಗಳುವುದನ್ನು ಬಿಟ್ಟು ಆ ಹೊಲವನ್ನೇ ಬಳಸಿಕೊಂಡು ಹೋಗತೊಡಗಿದವು. ಕಾಗೆ ಕೂಡ ಆ ತಲೆಗಳ ಮೇಲೆ ಕೂರಲಿಲ್ಲ.

ಒಂದು ಸಂಜೆ ಕೈ ತೋರಿಸುವವನನ್ನು ಕಂಡು ಬಸ್ಸು ನಿಂತಿತು. ಕಂಡಕ್ಟರು ಇಳಿದು, "ಹತ್ತೋದಾದ್ರೆ ಹತ್ತಯ್ಯ, ಹಿಂಗೆ ನೋಡ್ತಾ ನಿಂತ್ರೆ ಹೆಂಗೆ?" ಎಂದು ಭುಜ ಹಿಡಿದ. ಭುಜ ತಣ್ಣಗಿತ್ತು. ಅವತ್ತಿನಿಂದ ಆ ಬಸ್ಸು ಜೀವ ಇದ್ದವರು ಕೈ ತೋರಿಸಿದರೂ ಅಲ್ಲಿ ನಿಲ್ಲಲಿಲ್ಲ.

ಚಂದ್ರಗುತ್ತಿಗೆ ಹೋಗುವ ಯಾತ್ರಿಕರು ಈ ಸುದ್ದಿಯನ್ನು ಪ್ರಸಾದದ ಜೊತೆ ಊರೂರಿಗೆ ಹಂಚಿದರು. ಅಪ್ಪ ಶಿವಮೊಗ್ಗದ ಜವಳಿ ಅಂಗಡಿಗೆ ಹೋದಾಗ ಅಂಗಡಿಯವನು ಮೆಲ್ಲಗೆ ಕೇಳಿದನಂತೆ: "ನಿಮ್ಮ ಕಡೆಯವರು ಕಣ್ಣೇ ಮಿಟುಕಿಸಲ್ವಂತೆ, ಹೌದೇನ್ರೀ?" ಅಪ್ಪ ಎರಡು ಸಲ ಮಿಟುಕಿಸಿ ತೋರಿಸಿದರು. ಅಂಗಡಿಯವನು ಇನ್ನೂ ಹೆದರಿದ.

ಇಷ್ಟರಲ್ಲಿ ನನ್ನನ್ನು ನೋಡಲು ಗಂಡಿನವರು ಬಂದರು. ನಾನು ತಟ್ಟೆ ಹಿಡಿದು ಹೊರಗೆ ಬಂದದ್ದೇ ತಡ, ಹುಡುಗನ ತಾಯಿ ಬಿಳಿಚಿಕೊಂಡರು.

"ಈಗಿನ್ನೂ ರಸ್ತೆ ಬದೀಲಿ ಕೊಡ ಹೊತ್ಕೊಂಡು ನಿಂತಿದ್ದು ಇದೇ ಹುಡುಗಿ ಅಲ್ವೇನ್ರೀ? ನಾವು ಬಸ್ಸಲ್ಲಿ ಬಂದ್ವಿ. ಇವಳು ನಮಗಿಂತ ಮುಂಚೆ ಹೆಂಗೆ ಬಂದ್ಲು?"

"ಅದು ಗೊಂಬೆ ಕಣ್ರೀ," ಅಂದಳು ಅಮ್ಮ.

"ಹಾಗಾದ್ರೆ ಇದು?"

ಗಾಬರಿಯಲ್ಲಿ ನಾನೂ ಕಣ್ಣು ಮಿಟುಕಿಸುವುದನ್ನು ಮರೆತಿದ್ದೆ. ಉಪ್ಪಿಟ್ಟು ಮುಟ್ಟದೆ ಎದ್ದು ಹೋದರು.

ಮಾರನೆಯ ಮಧ್ಯಾಹ್ನ ಹೊಲಕ್ಕೆ ಹೋಗಿ, "ಮಾವ, ನನ್ನದನ್ನ ಒಡೆದುಹಾಕು" ಎಂದೆ. ಮಾವ ಸುತ್ತಿಗೆ ತಂದು ನನ್ನ ಕೈಗೇ ಕೊಟ್ಟ.

ಆ ಗೊಂಬೆಯನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲೇ ಇಲ್ಲ. ಏಳನೇ ವಯಸ್ಸಿನಲ್ಲಿ ನನಗೆ ಸಿಡುಬು ಆಗಿತ್ತು. ಮುಖದ ತುಂಬ ಕಲೆ. ಗಂಡಿನವರಿಗೆ ಕಳಿಸಿದ ಫೋಟೋದಲ್ಲಿ ಸ್ಟುಡಿಯೋದವನು ಅದನ್ನೆಲ್ಲ ತಿದ್ದಿ ನುಣ್ಣಗೆ ಮಾಡಿದ್ದ. ಮಾವ ತಿದ್ದಿರಲಿಲ್ಲ. ಎಡಗೆನ್ನೆಯ ಮೂರು, ಹುಬ್ಬಿನ ಮೇಲಿನದು, ಗಲ್ಲದ ಆಳದ್ದು, ಎಲ್ಲ ಇದ್ದಲ್ಲೇ ಇದ್ದವು.

"ಇದನ್ನೆಲ್ಲ ಯಾಕೆ ಹಾಕಿದೆ?" ಗಲ್ಲದ ಕಲೆಯ ಮೇಲೆ ಬೆರಳಿಟ್ಟು ಕೇಳಿದೆ.

ಮಾವ ನೆಲ ನೋಡುತ್ತ ಹೇಳಿದ: "ನೀ ಉಳೀತೀಯ ಅಂತ ಯಾರಿಗೂ ನಂಬಿಕೆ ಇರ್ಲಿಲ್ಲ ಮಗಾ. ಹಗಲೂ ರಾತ್ರಿ ಪಕ್ಕದಲ್ಲಿ ಕೂತು ಬೇವಿನ ಸೊಪ್ಪು ಬೀಸ್ದೋನು ನಾನು. ಒಂದೊಂದೂ ಒಣಗೋದನ್ನ ಕಾದಿದೀನಿ. ಅಳಿಸು ಅಂದ್ರೆ ಕೈ ಬರಲ್ಲ."

ಸುತ್ತಿಗೆ ಕೆಳಗಿಟ್ಟು, ಸೆರಗಿನಿಂದ ಆ ಮುಖದ ಧೂಳು ಒರೆಸಿದೆ.

ಮುಂದಿನ ಸಂಬಂಧ ಬಂದಾಗ ಅಪ್ಪ ಫೋಟೋ ಕಳಿಸಲಿಲ್ಲ. "ಹುಡುಗಿ ರಸ್ತೆ ಪಕ್ಕದಲ್ಲೇ ನಿಂತಿದ್ದಾಳೆ, ನೋಡಿಕೊಂಡೇ ಬನ್ನಿ" ಎಂದು ಬರೆದರು. ಅವರು ಹಟ ಮಾಡಿ ಬಸ್ಸು ನಿಲ್ಲಿಸಿ ಇಳಿದು, ನೋಡಿಕೊಂಡು, ನಮ್ಮ ಮನೆಗೆ ನಡೆದೇ ಬಂದರು.