ಬ್ರಾಕೆಟ್ಟಿಗೆ ಬಿದ್ದ ಹೊಸಹಳ್ಳಿ

ಕೆಲಸವಿಲ್ಲದವನ ಮೊಬೈಲಿನಲ್ಲಿ ಡೇಟಾ ಉಳಿದರೆ ಏನಾಗುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ. ಯಾರು ಬೇಕಾದರೂ ಬರೆಯಬಹುದಾದ ಅಂತರ್ಜಾಲದ ವಿಶ್ವಕೋಶವೊಂದಕ್ಕೆ ನಮ್ಮೂರನ್ನು ಸೇರಿಸಿ ಅಮರನಾಗಲು ಹೊರಟೆ. ನಮ್ಮೂರು ಹುಣಸೂರು ತಾಲ್ಲೂಕಿನ ಹೊಸಹಳ್ಳಿ. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯೂ ಹೊಸಹಳ್ಳಿಗಳಿವೆ ಎಂಬುದು ನನಗೆ ಹೊಳೆಯಲೇ ಇಲ್ಲ. ಸಿಕ್ಕಿದ್ದನ್ನೆಲ್ಲ ಒಂದೇ ಪುಟಕ್ಕೆ ಸುರಿದೆ. ಹಾಗಾಗಿ ನಮ್ಮೂರಿನವರು ಬೆಳಿಗ್ಗೆ ಕಾವೇರಿ ನಾಲೆ ನೀರಲ್ಲಿ ಭತ್ತ ನಾಟಿ ಮಾಡಿ, ಮಧ್ಯಾಹ್ನ ಬ್ಯಾರನ್ ಎಂಬ ಬಿಸಿ ಗೂಡಿನಲ್ಲಿ ಹೊಗೆಸೊಪ್ಪು ಒಣಗಿಸಿ, ಸಂಜೆ ಕಾಡಾನೆ ಓಡಿಸುವ ಮಹಾಪರಾಕ್ರಮಿಗಳಾದರು. ಅಪ್ಪ ಓದಿ, "ಲೇ ಮಂಜಾ, ನಮ್ಮೂರ್ ಕೆರೇಲಿ ಎಮ್ಮೆ ಮುಳುಗೋವಷ್ಟು ನೀರಿಲ್ಲ, ನೀನ್ ಕಾವೇರಿನೇ ತಂದ್ಬುಟ್ಟಿದ್ದೀಯಲ್ಲೋ!" ಎಂದರು.

ವಿಶ್ವಕೋಶದ ಹಳಬರೊಬ್ಬರು ನಿಯಮ ತಿಳಿಸಿದರು. ಒಂದೇ ಹೆಸರಿನ ಊರುಗಳಿದ್ದರೆ ಪ್ರತಿಯೊಂದಕ್ಕೂ ಬೇರೆ ಪುಟ, ಹೆಸರಿನ ಪಕ್ಕ ಬ್ರಾಕೆಟ್ಟಿನಲ್ಲಿ ತಾಲ್ಲೂಕು. ಅವುಗಳಲ್ಲಿ ತೀರಾ ಹೆಸರುವಾಸಿಯಾದದ್ದು ಇದ್ದರೆ ಅದಕ್ಕೆ ಮಾತ್ರ ಬ್ರಾಕೆಟ್ ಬೇಡ. ಯಾವುದು ಹೆಸರುವಾಸಿ ಎಂದು ನಾನು ನಿಷ್ಪಕ್ಷಪಾತವಾಗಿ ಎರಡು ಸೆಕೆಂಡು ಯೋಚಿಸಿದೆ. ನಾನು ಹುಟ್ಟಿದ ಊರಿಗಿಂತ ಹೆಸರುವಾಸಿ ಇನ್ನಾವುದಿದ್ದೀತು? ಉಳಿದವನ್ನೆಲ್ಲ ಬ್ರಾಕೆಟ್ಟಿಗೆ ತಳ್ಳಿದೆ.

ತಿಂಗಳು ಕಳೆದು ನನಗೆ ಹೆಣ್ಣು ನೋಡಲು ಹೋದದ್ದು ಪಿರಿಯಾಪಟ್ಟಣದ ಹೊಸಹಳ್ಳಿಗೇ. ಹುಡುಗಿ ಸವಿತಾ ಕಾಫಿ ಕೊಟ್ಟು ಒಮ್ಮೆ ನಕ್ಕಳು. ಇನ್ನು ಈ ಮನೆ ಅಳಿಯನಾಗದೆ ಏಳುವುದಿಲ್ಲ ಎಂದು ಕುರ್ಚಿಯಲ್ಲಿ ಗಟ್ಟಿಯಾಗಿ ಕೂತೆ. ಅಷ್ಟರಲ್ಲಿ ಅಪ್ಪ, "ನಮ್ ಹುಡ್ಗ ವಿಶ್ವಕೋಶಕ್ಕೇ ಬರೀತಾನೆ ಕಣ್ರೀ" ಎಂದು ಹೆಮ್ಮೆಯಿಂದ ಫೋನ್ ಚಾಚಿದರು. ಹುಡುಗಿಯ ತಂದೆ ಕನ್ನಡಕ ಏರಿಸಿ ಓದಿದರು. ಮುಖದ ನಗು ಹೋಯಿತು. ಬ್ರಾಕೆಟ್ಟಿನ ಮೇಲೆ ಬೆರಳಿಟ್ಟರು.

"ಏನಪ್ಪಾ, ನಿಮ್ಮೂರು ಬರೀ ಹೊಸಳ್ಳಿ. ನಮ್ಮೂರ್ಗ್ ಮಾತ್ರ ಯಾಕೆ ಈ ಬೇಲಿ?"

"ಗುರುತಿಗೆ, ಸಾರ್... ಮಾವ..." ಎಂದೆ.

"ಗುರ್ತು ಇಡಕೆ ನಾವೇನ್ ತಪ್ಪಿಸ್ಕೊಂಡಿದ್ದೀವಾ? ನಿಮ್ಮೂರ್ಗೆ ದಿನಕ್ಕೆ ಎಷ್ಟ್ ಬಸ್ ಬತ್ತವೆ?"

"ಒಂದು."

"ನಮ್ಮೂರ್ಗೆ ಮೂರು! ಮೂರ್ ಬಸ್ಸಿನ ಊರು ಬೇಲಿ ಒಳ್ಗೆ, ಒಂದ್ ಬಸ್ಸಿನ ಊರು ಬಯಲಲ್ಲಿ! ಈಗ್ಲೇ ಊರ್ನ ಇಂಗ್ ಇಟ್ಟೋರು ನಾಳೆ ನನ್ ಮಗಳ್ನ ಎಂಗ್ ಇಟ್ಕತೀರಿ?"

ಬಾಗಿಲ ಹಿಂದೆ ಸವಿತಾ ನಗು ತಡೆಯುತ್ತಿದ್ದುದು ಕೇಳಿಸಿತು. ನಾನು ತಡಮಾಡಲಿಲ್ಲ. ಕೂತಲ್ಲೇ ಅವರೂರಿನ ಬ್ರಾಕೆಟ್ ಕಿತ್ತು ನಮ್ಮೂರಿಗೆ ತೊಡಿಸಿದೆ. ಅವರು ಮತ್ತೆ ಓದಿ, "ಈಗ್ ಸರ್ಯಾಯ್ತು" ಎಂದು ನನಗೆ ಇನ್ನೊಂದು ತಟ್ಟೆ ಕೇಸರಿಬಾತ್ ಹಾಕಿಸಿದರು. ಸಂಬಂಧ ಕುದುರಿತು. ದಾರಿಯಲ್ಲಿ ಅಪ್ಪ, "ಬ್ಯಾರೇರು ವರದಕ್ಷಿಣೆ ಈಸ್ಕತಾರೆ. ನೀನ್ ಊರ್ನೇ ಬರ್ಕೊಟ್ ಬಂದ್ಯಲ್ಲೋ!" ಎಂದರು.

ಮದುವೆಯಾದ ಮೇಲೆ ಮೊದಲ ಸಲ ಮಾವನ ಮನೆಗೆ ಅಳಿಯನಾಗಿ ಹೋಗಿದ್ದೆ. ಮಾವ ಜಗಲಿಯಿಂದ "ಮಂಜಾ!" ಎಂದು ಕೂಗಿದರು. ಗತ್ತಿನಿಂದ ಎದ್ದು ಹೋದೆ. "ನಿಮ್ಮುನ್ನಲ್ಲ ಕಣಪ್ಪಾ, ಹಸ ಬಿಚ್ಚಕೆ ನಮ್ ಮಂಜನ್ನ ಕರ್ದೆ" ಎಂದರು. ಸವಿತಾಳ ಅಣ್ಣನ ಹೆಸರೂ ಮಂಜ ಎಂಬುದನ್ನು ಗತ್ತಿನಲ್ಲಿ ಮರೆತಿದ್ದೆ. ಅವತ್ತಿನಿಂದ ಆ ಬೀದಿಗೆಲ್ಲ ಅವನು ಬರೀ ಮಂಜ, ನಾನು 'ಹುಣಸೂರ್ ಮಂಜ'.

"ನನಗ್ ಮಾತ್ರ ಯಾಕೆ ಹುಣಸೂರು?" ಎಂದು ಸವಿತಾಳನ್ನು ಕೇಳಿದೆ.

ಅವಳು ಕಾಫಿ ಲೋಟ ಕೈಗಿಟ್ಟು ಹೇಳಿದಳು: "ಗುರುತಿಗೆ ಕಣ್ರೀ."