ಚಾಲೂ ಎಂದರೆ ನಿಲ್ಲುವ ಊರು

ನನಗೆ ಸಿಟ್ಟು ಬರುವುದಿಲ್ಲ. ಈ ಮಾತನ್ನು ನಾನು ಸ್ವಲ್ಪ ಜೋರಾಗಿಯೇ ಹೇಳಬೇಕಾಗುತ್ತದೆ, ಯಾಕೆಂದರೆ ಮೆಲ್ಲಗೆ ಹೇಳಿದರೆ ಯಾರೂ ನಂಬುವುದಿಲ್ಲ. ಜೋರಾಗಿ ಹೇಳಿದರೂ ನಂಬುವುದಿಲ್ಲ ಎಂಬುದು ಬೇರೆ ವಿಷಯ. ನನಗೆ ಬರುವುದು ನ್ಯಾಯವಾದ ಅಸಮಾಧಾನ. ಕೆಲಸ ನೆಟ್ಟಗಾಗಬೇಕು, ಹೇಳಿದ್ದು ಹೇಳಿದಂತೆ ನಡೆಯಬೇಕು ಎಂದು ಬಯಸುವ ಯಾವ ಮನುಷ್ಯನಿಗಾದರೂ ಬರುವಂಥದ್ದು. ಅದು ಬಂದಾಗ ನನ್ನ ಧ್ವನಿ ಏರುತ್ತದೆ, ಕಿವಿ ಕೆಂಪಗಾಗುತ್ತದೆ, ಕೈಯಲ್ಲಿರುವ ಲೋಟ ತಾನಾಗಿಯೇ ಮೇಜನ್ನು ಕುಟ್ಟುತ್ತದೆ. ಇದಕ್ಕೆ ನನ್ನ ಹೆಂಡತಿ ಗಿರಿಜಾ ಸಿಟ್ಟು ಎಂದೇ ಹೆಸರಿಟ್ಟಿದ್ದಾಳೆ. ಮೂವತ್ತೈದು ವರ್ಷ ಸಂಸಾರ ಮಾಡಿದರೂ ಆಕೆಗೆ ಈ ವ್ಯತ್ಯಾಸ ತಿಳಿದಿಲ್ಲ.

ತಪ್ಪು ನನ್ನದಲ್ಲ, ನನ್ನ ಉದ್ಯೋಗದ್ದು. ನಾವಿಬ್ಬರೂ ಧಾರವಾಡದ ಕಡೆಯವರು. ಮದುವೆಯಾದ ಹೊಸದರಲ್ಲಿ ಕೆಜಿಎಫ್‌ನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ಬಂದು, ಅಲ್ಲಿನ ರಾಬರ್ಟ್‌ಸನ್‌ಪೇಟೆಯಲ್ಲಿ ಬಾಡಿಗೆ ಮನೆ ಹಿಡಿದು, ಇಲ್ಲೇ ಬೇರು ಬಿಟ್ಟೆವು. ನಾನಿದ್ದದ್ದು ತಪಾಸಣೆ ವಿಭಾಗದಲ್ಲಿ. ಅಂದರೆ, ಬೇರೆಯವರು ಮಾಡಿದ ಕೆಲಸದಲ್ಲಿ ತಪ್ಪು ಹುಡುಕುವುದಕ್ಕೆಂದೇ ನನಗೆ ಸಂಬಳ ಕೊಡುತ್ತಿದ್ದರು. ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಕೆಂಪು ಚಾಕ್‌ಪೀಸಿನಲ್ಲಿ ಗೀಟು ಹೊಡೆದು ವಾಪಸ್ ಕಳಿಸುತ್ತಿದ್ದೆ. ನಿವೃತ್ತಿಯ ದಿನ ಹಾರ, ಶಾಲು, ಗಡಿಯಾರ ಎಲ್ಲ ಕೊಟ್ಟರು. ಚಾಕ್‌ಪೀಸು ಮಾತ್ರ ವಾಪಸ್ ಕೇಳಲಿಲ್ಲ. ಅದು ಜೇಬಿನಲ್ಲೇ ನನ್ನ ಜೊತೆ ಮನೆಗೆ ಬಂತು. ಆ ಚಾಕ್‌ಪೀಸಿನಿಂದ ಗಿರಿಜಾಳ ಚಪಾತಿಗೂ ಗೀಟು ಬೀಳಬಹುದೆಂದು ಹೆದರಿಯೋ ಏನೋ, ನಾನು ಹಳ್ಳಿಯಲ್ಲಿ ಮನೆ ಮಾಡೋಣ ಎಂದಾಗ ಆಕೆ ಒಮ್ಮೆಗೇ ಬೇಡ ಎನ್ನಲಿಲ್ಲ.

ಹಾಗೆ ಕೊಂಡದ್ದು ಬೂದಿಕೋಟೆಯ ಆಚೆಗೆ, ಬಂಗಾರಪೇಟೆಯಿಂದ ಬರುವ ಬಸ್ಸಿನಿಂದ ಇಳಿದು ಸ್ವಲ್ಪ ನಡೆದರೆ ಸಿಗುವ ಒಂದು ಹಳೆಯ ಮನೆ. ಕಲ್ಲುಚಪ್ಪಡಿಯ ಮಾಡು, ಎರಡು ಮಾವಿನ ಮರ, ಹಿತ್ತಲಲ್ಲಿ ಕೊಳವೆಬಾವಿ. ಮುರಿದ ಬಾಗಿಲು, ಸೋರುವ ಸಂದು, ಕುಸಿದ ಕಾಂಪೌಂಡು ಎಲ್ಲವೂ ಇತ್ತು. ನೋಡಿದ ಕೂಡಲೇ ನನ್ನ ಮನಸ್ಸು ತುಂಬಿತು. ಇಷ್ಟೊಂದು ತಪ್ಪುಗಳು ಒಂದೇ ಕಡೆ ಸಿಕ್ಕಿದ್ದು ಅದೇ ಮೊದಲು. ಗಿರಿಜಾ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಂದು ಸುತ್ತು ಹಾಕಿ ಬಂದು ಷರತ್ತು ಹಾಕಿದಳು.

“ಯುಗಾದಿತನಕ ನೋಡ್ತೀನ್ರಿ. ನೀರು, ಹಾಲು, ಒಂದ್ ಹಿಡಿ ಮೆಂತ್ಯೆಪಲ್ಯೆ, ಇಷ್ಟು ಮನೀ ಬಾಗಲದಾಗ ಸಿಕ್ರ ಇಲ್ಲೇ ಇರೋಣು. ಇಲ್ಲಂದ್ರ ರಾಬರ್ಟ್‌ಸನ್‌ಪೇಟಿ ಬಾಡಿಗಿ ಮನೀ ಕೀಲಿಕೈ ನನ್ನ ಹತ್ರ ಐತಿ. ನಾ ಹೋಗಾಕಿ. ನೀವು ನಿಮ್ಮ ಚಪ್ಪಡಿ ಎಣಿಸ್ಕೋತ ಇಲ್ಲೇ ಇರ್ರಿ.”

ನೀರು, ಹಾಲು, ಸೊಪ್ಪು. ಹಳ್ಳಿಯಲ್ಲಿ ಇದೇನು ದೊಡ್ಡ ಮಾತು! ಧಾರಾಳವಾಗಿ ಒಪ್ಪಿದೆ. ಆಗ ನನಗೆ ಈ ಊರಿನ ಜನ ಎಂಥವರೆಂದು ಗೊತ್ತಿರಲಿಲ್ಲ.

ಮೊದಲು ಕೈಕೊಟ್ಟದ್ದು ಹಾಲು. ಪಕ್ಕದ ಮನೆಯ ಮುನಿವೆಂಕಟಮ್ಮನಿಗೆ ಮೂರು ಹಸು. ಹೊಸಬರು ಬಂದಿದ್ದಾರೆಂದು ಒಂದು ವಾರ ತಾನಾಗಿಯೇ ಚೆಂಬು ಹಾಲು ತಂದುಕೊಟ್ಟಳು. ಎಂಥ ಹಾಲು ಅದು! ಕಾಯಿಸಿದರೆ ಕೆನೆ ಕಂಬಳಿಯಂತೆ ಕಟ್ಟುತ್ತಿತ್ತು. ಎಂಟನೆಯ ದಿನ ಬಾಗಿಲಲ್ಲಿ ನಿಂತು, “ನಾಳಿಂದಾನೂ ಆಲು ತರ್ಲಾ ಸಾಮಿ?” ಎಂದು ಕೇಳಿದಳು. ಕೇಳುವುದೇನು? ನಾನು ಎರಡೂ ಕೈ ಎತ್ತಿ, “ಚಾಲೂ, ಚಾಲೂ!” ಎಂದೆ. ಆಕೆ ನಕ್ಕು, “ಆಗ್ಲಿ ಸಾಮಿ” ಎಂದು ಹೋದಳು. ಮರುದಿನ ಹಾಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ದಿನ ಆಕೆ ಕ್ಯಾನು ತೂಗುತ್ತಾ ಡೈರಿಗೆ ಹೋಗುವಾಗ ನಮ್ಮ ಗೇಟಿನ ಎದುರಿಗೇ ನಿಂತು ನಮಸ್ಕಾರ ಬೇರೆ ಮಾಡಿದಳು! ಯಾಕಮ್ಮಾ ಎಂದು ಒಂದು ಮಾತು ಕೇಳಬಹುದಿತ್ತು. ಆದರೆ ಮಾತು ಕೊಟ್ಟು ತಪ್ಪಿದವರನ್ನು ನಾನು ಯಾಕೆ ಕೇಳಬೇಕು? ನಮಸ್ಕಾರ ಮಾಡದೆ ಮುಖ ತಿರುಗಿಸಿದೆ. ಬೆಳಿಗ್ಗೆ ಎದ್ದರೆ ಗೋಡೆಯಾಚೆ ಮೂರು ಹಸು ಅಂಬಾ ಎನ್ನುವುದು, ಗೋಡೆಯ ಈಚೆ ನಾನು ಬೂದಿಕೋಟೆಯಿಂದ ತಂದ ಪ್ಯಾಕೆಟ್ ಹಾಲನ್ನು ಹಲ್ಲಿನಿಂದ ಕಚ್ಚಿ ಹರಿಯುವುದು. ಇದಕ್ಕಿಂತ ಅವಮಾನ ಬೇಕೇ?

“ಏನ್ರೀ, ಒಂದ್ ಮಾತು ಹೇಳೂದಿತ್ತು…” ಎಂದು ಗಿರಿಜಾ ಒಲೆಯ ಹತ್ತಿರದಿಂದ ಬಂದಳು. ಊರಿನವರ ಅಪ್ರಾಮಾಣಿಕತೆಯ ಬಗ್ಗೆ ಆಗಷ್ಟೇ ಒಳ್ಳೆಯ ಲಹರಿಗೆ ಬಂದಿದ್ದ ನಾನು, “ನಡುವ ಬಾಯಿ ಹಾಕಬ್ಯಾಡ” ಎಂದೆ. ಆಕೆ ವಾಪಸ್ ಹೋದಳು.

ಆಮೇಲೆ ನೀರು. ನಮ್ಮ ಮೋಟರಿನ ಸ್ಟಾರ್ಟರ್ ಡಬ್ಬಿ ಇರುವುದು ಹಿತ್ತಲಿನ ತುದಿಯಲ್ಲಿ, ಮುನಿವೆಂಕಟಮ್ಮನ ಕೊಟ್ಟಿಗೆಗೆ ಒರಗಿಕೊಂಡು. ತ್ರೀ ಫೇಸ್ ಕರೆಂಟು ಬರುವುದು ಹಗಲಲ್ಲಿ ಕೆಲವೇ ತಾಸು, ಅದೂ ಅದರ ಮನಸ್ಸಿಗೆ ಬಂದಾಗ. ಗಿರಿಜಾಳಿಗೆ ಆ ಡಬ್ಬಿ ಒಮ್ಮೆ ಜುಂ ಎಂದು ಹೊಡೆದದ್ದರಿಂದ ಆಕೆ ಅದರ ಹತ್ತಿರ ಸುಳಿಯುವುದಿಲ್ಲ. ಹಾಗಾಗಿ ಕರೆಂಟು ಬಂದಾಗ ಮುನಿವೆಂಕಟಮ್ಮ ಗುಂಡಿ ಒತ್ತುವುದು, ನಾನು ಮಾಡು ಹತ್ತಿ ಟ್ಯಾಂಕಿಗೆ ನೀರು ಬೀಳುತ್ತದೆಯೇ ಎಂದು ನೋಡುವುದು ಎಂದು ಏರ್ಪಾಡಾಯಿತು. ಹಾಲಿನ ವಿಷಯದಲ್ಲಿ ಮನಸ್ಸು ಮುರಿದಿದ್ದರೂ ನೀರಿಗಾಗಿ ನಾನು ಉದಾರಿಯಾದೆ. ಮೊದಲ ದಿನ ಪೈಪು ಎರಡು ಸಲ ಕೆಮ್ಮಿತು, ಕೆಂಪು ನೀರು ಉಗುಳಿತು, ಆಮೇಲೆ ಸ್ವಚ್ಛ ಧಾರೆ ಭರ್ರೆಂದು ಬಿತ್ತು. ನನಗೆ ಹಿಡಿಸಲಾರದಷ್ಟು ಸಂತೋಷ. ಮಾಡಿನ ಮೇಲಿಂದ, “ಚಾಲೂ! ಚಾಲೂ!” ಎಂದು ಕೂಗಿದೆ. ಧಾರೆ ನಿಂತಿತು.

“ಚಾಲೂ ರೀ!”

“ಆಯ್ತು ಸಾಮಿ!” ಎಂದು ಕೊಟ್ಟಿಗೆಯ ಕಡೆಯಿಂದ ಉತ್ತರ ಬಂತು.

“ಆಯ್ತು ಅಲ್ಲ, ಚಾಲೂ ಅಂದೆ!”

“ಊ ಸಾಮಿ, ಆಯ್ತು ಆಯ್ತು!”

ಮಂಡಿ ನೋವಿನವನು ನಾನು. ಏಣಿ ಇಳಿದು, ಹಿತ್ತಲು ದಾಟಿ ಡಬ್ಬಿಯ ಹತ್ತಿರ ಹೋಗುವಷ್ಟರಲ್ಲಿ ಕರೆಂಟೇ ಹೋಗಿತ್ತು, ಮುನಿವೆಂಕಟಮ್ಮ ಮೇವಿಗೆ ಹೋಗಿದ್ದಳು. ಒಂದು ದಿನವಲ್ಲ, ಹದಿನೈದು ದಿನ ಇದೇ ಕಥೆ. ನಾನು ಗಂಟಲು ಹರಿದುಕೊಂಡಷ್ಟೂ ಅವಳು ಬೇಗ ಬೇಗ ನಿಲ್ಲಿಸುತ್ತಿದ್ದಳು. ಟ್ಯಾಂಕಿನಲ್ಲಿ ಯಾವಾಗಲೂ ಒಂದು ಗೇಣು ನೀರು. ಗಿರಿಜಾ ಕೈಪಂಪಿನಿಂದ ಕೊಡ ಹೊರತೊಡಗಿದಳು. ಮಾತಾಡದೆ ಹೊರುತ್ತಿದ್ದಳು. ಹೆಂಗಸರು ಬೈದುಕೊಂಡು ಕೊಡ ಹೊತ್ತರೆ ಹೆದರಬೇಕಾಗಿಲ್ಲ.

ಮೂರನೆಯದು ಗೋಡೆ. ಕುಸಿದ ಕಾಂಪೌಂಡನ್ನು ಸೈಜುಗಲ್ಲಿನಲ್ಲಿ ಕಟ್ಟಲು ಅದೇ ಊರಿನ ಚೌಡಪ್ಪ ಮೇಸ್ತ್ರಿಯನ್ನು ಹಿಡಿದಿದ್ದೆ. ಕೈ ಚೆನ್ನಾಗಿತ್ತು, ಒಪ್ಪುತ್ತೇನೆ. ಆದರೂ ಅಭ್ಯಾಸ ಬಿಡಬಾರದೆಂದು ಎರಡು ಕಲ್ಲಿಗೆ ಕೆಂಪು ಚಾಕ್‌ಪೀಸಿನ ಗೀಟು ಹಾಕಿದೆ. ಮರುದಿನ ನೋಡಿದರೆ ಗೀಟಿನ ಪಕ್ಕದಲ್ಲಿ ಸುಣ್ಣದ ಬೊಟ್ಟು! ಯಜಮಾನರು ದೃಷ್ಟಿ ತೆಗೆದಿದ್ದಾರೆ, ಅರ್ಧಕ್ಕೆ ಬಿಡಬಾರದು ಎಂದು ಚೌಡಪ್ಪನೇ ಇಟ್ಟನಂತೆ. ಇರಲಿ. ಗೋಡೆ ಸೊಂಟದೆತ್ತರ ಬಂದಾಗ ಮೂರು ಗಂಟೆಯ ಸಮಯ. ಅವನು ಕರಣೆ ಹಿಡಿದುಕೊಂಡು, “ಸಾಮಿ, ಇನ್ನೆಲ್ಡು ವರಸೆ ಎತ್ಲಾ?” ಎಂದು ಕೇಳಿದ. ವರಾಂಡದಲ್ಲಿ ಕೂತಿದ್ದ ನಾನು ಪೇಪರಿನಿಂದ ತಲೆ ಎತ್ತದೆಯೇ, “ಚಾಲೂ!” ಎಂದೆ. ಹತ್ತು ನಿಮಿಷ ಬಿಟ್ಟು ನೋಡಿದರೆ ಅವನು ಕರಣೆ ತೊಳೆದು, ದಾರ ಸುತ್ತಿ, ಹೊರಟೇ ಹೋಗಿದ್ದ. ಮರುದಿನ ಬೇರೆ ಊರಿನಲ್ಲಿ ಕೆಲಸ ಹಿಡಿದ. ಭೂಮಿಯ ಹೊಟ್ಟೆಯೊಳಕ್ಕೆ ಇಳಿದು ಚಿನ್ನ ತೆಗೆದ ಸೀಮೆ ಇದು. ಇಲ್ಲಿ ನೆಲದ ಮೇಲೆ ಇನ್ನೆರಡು ಸಾಲು ಕಲ್ಲು ಇಡಲು ಜನರಿಲ್ಲವೇ? ಆ ಸೊಂಟದೆತ್ತರದ ಗೋಡೆಯನ್ನು ಊರಿನ ಮೇಕೆಗಳು ಮೆಟ್ಟಿಲೆಂದು ತಿಳಿದವು. ಗಿರಿಜಾ ಕೊಡದ ನೀರು ಹಾಕಿ ಬೆಳೆಸಿದ ಮೆಂತ್ಯೆ ಮಡಿಯಲ್ಲಿ ಒಂದು ಬೆಳಿಗ್ಗೆ ಬರೀ ದಂಟು ನಿಂತಿತ್ತು.

ಭಾಷೆಯ ತೊಂದರೆ ಇರಬಹುದೇ ಎಂದು ನೀವು ಕೇಳಬಹುದು. ಛೇ! ನಾನು ಭಾಷೆ ಬಾರದವನಲ್ಲ. ಕೆಜಿಎಫ್‌ನ ಆಂಡರ್ಸನ್‌ಪೇಟೆಯ ಅಂಗಡಿಗಳಲ್ಲಿ ತಮಿಳಿನಲ್ಲಿ ಚೌಕಾಸಿ ಮಾಡಿದವನು. ತಮಿಳರ ಮದುವೆಯ ಪಂಕ್ತಿಯಲ್ಲಿ ಎಲೆಗೆ ಕೈ ಅಡ್ಡ ಹಿಡಿದು “ಪೋದುಂ, ಪೋದುಂ” ಎಂದು ಪಾಯಸ ತಡೆದವನು. ಬಂಗಾರಪೇಟೆ ದಾಟಿದ ಮೇಲೆ ಮನೆಮನೆಯಲ್ಲೂ ತೆಲುಗು ಕಿವಿಗೆ ಬೀಳುತ್ತಿತ್ತು, ನಿಜ. ಅದರ ಅಕ್ಷರ, ಅದರ ಮಾತು ಎಲ್ಲ ನಮ್ಮದರಂತೆಯೇ ಇದೆಯಲ್ಲ, ಕಲಿಯುವುದೇನಿದೆ ಎಂದು ಬಿಟ್ಟಿದ್ದೆ. ಇನ್ನು ‘ಚಾಲೂ’ ಎಂದರೆ ಕಾರ್ಖಾನೆಯಲ್ಲಿ ಬಿಹಾರದವನೂ ಗುಂಡಿ ಒತ್ತುತ್ತಿದ್ದ. ಇವರಿಗೆ ತಿಳಿಯಲಿಲ್ಲವೆಂದರೆ ಅದು ಬೇಕೆಂದೇ ಮಾಡುವ ಹಟ ಎಂದು ತೀರ್ಮಾನಿಸಿದೆ. ಗೀಟಿನ ಹಾಳೆಯ ಮೇಲೆ ಇಡೀ ಊರಿನ ತಪಾಸಣಾ ವರದಿ ಬರೆದು ಕೊನೆಗೆ ‘ತಿರಸ್ಕೃತ’ ಎಂದು ಸಹಿ ಹಾಕಿದೆ. ಅದನ್ನು ಯಾರಿಗೆ ಕೊಡಬೇಕೆಂದು ಗೊತ್ತಾಗದೆ ಗಿರಿಜಾಳಿಗೆ ಓದಿ ಹೇಳಿದೆ. ಆಕೆ ಮತ್ತೆ, “ಏನ್ರೀ, ಒಂದ್ ಮಾತು…” ಎಂದಳು. “ಎರಡನೇ ಪುಟ ಇನ್ನೂ ಐತಿ, ತಡಿ” ಎಂದೆ.

ಯುಗಾದಿಗೆ ಇನ್ನೊಂದು ವಾರವಿರುವಾಗ, ಮೇಕೆಗಳು ಎರಡನೆಯ ಸಲ ಮಡಿ ಸವರಿ ಹೋದ ದಿನ, ಗಿರಿಜಾ ಟ್ರಂಕಿನಿಂದ ರಾಬರ್ಟ್‌ಸನ್‌ಪೇಟೆ ಮನೆಯ ಕೀಲಿಕೈ ತೆಗೆದು, ಸೆರಗಿನಿಂದ ಒರೆಸಿ, ಕಿಟಕಿಯ ಮೇಲಿಟ್ಟಳು. ನಿಜ ಹೇಳಬೇಕೆಂದರೆ ಆಗ ನನಗೆ ಅಸಮಾಧಾನಕ್ಕಿಂತ ಹೆದರಿಕೆಯೇ ಹೆಚ್ಚಾಯಿತು. ಈ ಮನೆಯಲ್ಲಿ ಆಕೆಯಿಲ್ಲದೆ ಚಪ್ಪಡಿ ಎಣಿಸಿಕೊಂಡಿರುವುದು ನನ್ನಿಂದಾಗದು. ಹೆದರಿಕೆಯಾದಾಗ ನನಗೆ ಧ್ವನಿ ಇನ್ನೂ ಏರುತ್ತದೆ. ನೆಟ್ಟಗೆ ಕೊಟ್ಟಿಗೆಗೆ ನುಗ್ಗಿದೆ. ಗಿರಿಜಾ ಹಿಂದೆಯೇ ಬಂದಳು.

ಮುನಿವೆಂಕಟಮ್ಮ ಹಾಲು ಕರೆಯುತ್ತಿದ್ದಳು. ಚೌಡಪ್ಪನೂ ಅಲ್ಲೇ ಜಗುಲಿಯ ಮೇಲೆ ಕೂತು ಟೀ ಕುಡಿಯುತ್ತಿದ್ದ. ಒಳ್ಳೆಯದೇ ಆಯಿತೆಂದು ಇಬ್ಬರಿಗೂ ಸೇರಿಸಿ ಹಾಲು, ನೀರು, ಗೋಡೆ ಎಲ್ಲದರ ಲೆಕ್ಕ ಒಪ್ಪಿಸಿದೆ. ಹಸು ಕಿವಿ ನಿಮಿರಿಸಿತು. ಮುನಿವೆಂಕಟಮ್ಮ ಕೆಚ್ಚಲು ಬಿಟ್ಟು ಎದ್ದುನಿಂತಳು. ಕಣ್ಣಲ್ಲಿ ನೀರು ತುಂಬಿತ್ತು.

“ಏನ್ ಸಾಮಿ ಇಂಗಂತೀರಾ? ಆಲು ತರ್ಲಾ ಅಂದ್ರೆ ನೀವೇ ಚಾಲು ಚಾಲು ಅಂತ ಎಲ್ಡು ಕೈನೂ ಅಡ್ಡ ಇಡುದ್ರಿ. ಮೋಟ್ರು ಆಕಿದ್ರೆ ಮ್ಯಾಲಿಂದ ಚಾಲು ಚಾಲು ಅಂತ ಊರೇ ಎದ್ದೇಳಂಗೆ ಕೂಗ್ತೀರಾ. ಚಾಲು ಅಂದ್ಮೇಲೆ ನಿಲ್ಲುಸ್ದೆ ಇನ್ನೇನ್ ಮಾಡ್ಲಿ?”

“ನಂಗೂ ಅಂಗೇ ಅಂದ್ರಲ್ಲಕ್ಕ” ಎಂದ ಚೌಡಪ್ಪ. “ಇನ್ನೆಲ್ಡು ವರಸೆ ಅಂದ್ರೆ ಚಾಲು ಅಂದ್ರು. ಯಜಮಾನ್ರೇ ಸಾಕು ಅಂದ್ಮೇಲೆ ನಾನ್ಯಾಕ್ ಎತ್ಲಿ?”

“ಸಾಕು?” ಎಂದೆ.

“ಊ ಸಾಮಿ” ಎಂದಳು ಮುನಿವೆಂಕಟಮ್ಮ. “ಚಾಲು ಅಂದ್ರೆ ತೆಲುಗ್ನಾಗೆ ಸಾಕು ಅಂತಲ್ವಾ? ನಮ್ ಮನೆಯಾಗೆ ನಾವೆಲ್ಲ ಅಂಗೇ ಅನ್ನಾದು. ಅದ್ಕೇ ನಾನು ಡೈರಿತಾವ ಎಲ್ಲರ್ಗೂ ಏಳಿವ್ನಿ, ಪಕ್ಕದ ಮನೆ ಸಾಮಿ ಬಾಳ ದೊಡ್ಡ ಮನುಸ, ಆಸೇನೇ ಇಲ್ಲ, ಏನ್ ಕೊಟ್ರೂ ಚಾಲು ಅಂತಾರೆ ಅಂತ.”

ಇಡೀ ಆಯುಷ್ಯದಲ್ಲಿ ನನ್ನ ಬಗ್ಗೆ ಯಾರೂ ಇಂಥ ಮಾತಾಡಿದ್ದಿಲ್ಲ. ಎರಡು ತಿಂಗಳು ನಾನು ಇಡೀ ಊರನ್ನು ತಿರಸ್ಕರಿಸುತ್ತಿದ್ದೆ, ಊರು ನನ್ನನ್ನು ಸಂತನೆಂದು ತಿಳಿದು ಗೇಟಿನಲ್ಲಿ ನಿಂತು ಕೈಮುಗಿಯುತ್ತಿತ್ತು. ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಮುನಿವೆಂಕಟಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಚೆಂಬು ತುಂಬ ಹಾಲು ಬಗ್ಗಿಸಿ ಗಿರಿಜಾಳ ಕೈಗಿಟ್ಟಳು. ಚೌಡಪ್ಪ, “ನಾಳೀಕೇ ಬತ್ತೀನಿ ಸಾಮಿ, ಎಲ್ಡಲ್ಲ, ಮೂರು ವರಸೆ ಎತ್ತಾನ” ಎಂದ. ನಾನು ಬಾಯಿ ತೆರೆಯಲು ಹೆದರಿ ತಲೆಯಾಡಿಸಿದೆ.

ಮನೆಗೆ ಬಂದು ಅಡುಗೆಮನೆಯಲ್ಲಿ ಕೂತೆ. ಆಗ ಒಂದು ಅನುಮಾನ ಹುಟ್ಟಿತು. ಕೊಟ್ಟಿಗೆಯಲ್ಲಿ ಅಷ್ಟೆಲ್ಲ ಆದರೂ ಗಿರಿಜಾಳ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

“ನಿನಗ ಮೊದಲ ಗೊತ್ತಿತ್ತೇನು?”

“ಹಾಲು ನಿಂತ ಮೂರನೇ ದಿನಾನ ಗೊತ್ತಾತು. ಆಕಿ ಸೌತೀಕಾಯಿ ಕೊಟ್ಟು, ‘ಚಾಲಾ ಅಮ್ಮ, ಇನ್ನೂ ಬೇಕಾ’ ಅಂತ ಕೇಳಿದ್ಲು.”

“ಮತ್ತ ಹೇಳಬಾರದಾ! ಕೊಡ ಹೊತ್ತಿ, ಪಲ್ಯೆ ಕಳಕೊಂಡಿ…”

“ನಾ ಹೇಳಾಕ ಬಂದಾಗೊಮ್ಮೆ ನೀವು ಬೈಯೂದು ಚಾಲೂ ಮಾಡಿದ್ರಿ. ಎರಡನೇ ಪುಟ ಮುಗಿಯೂತನಕ ನಿಂದ್ರಾಕ ನನಗ ಬ್ಯಾರೆ ಕೆಲಸ ಇರಲಿಲ್ಲೇನು?”

ಕಿಟಕಿಯ ಮೇಲೆ ಕೀಲಿಕೈ ಹೊಳೆಯುತ್ತಿತ್ತು. ಆಕೆ ಅದನ್ನು ಒರೆಸಿಟ್ಟಿದ್ದೇ ಅಷ್ಟು ಚೆನ್ನಾಗಿ. ಧೈರ್ಯ ಮಾಡಿ, “ಹಂಗಾರ ಏನ್ ಮಾಡೋಣು ಈಗ?” ಎಂದು ಕೇಳಿದೆ. ಗಿರಿಜಾ ಒಲೆಯ ಮೇಲೆ ಹಾಲು ಇಟ್ಟು, ನನ್ನ ಕಡೆ ತಿರುಗಿಯೂ ನೋಡದೆ ಒಂದೇ ಮಾತು ಹೇಳಿದಳು.

“ಚಾಲು.”

ಇದನ್ನು ತಪಾಸಣೆ ಮಾಡುವುದು ಹೇಗೆ? ಹಾಲು ಉಕ್ಕುವವರೆಗೂ ಕಾದೆ. ಆಮೇಲೆ, ಆ ಊರಿಗೆ ಬಂದ ಮೇಲೆ ಮೊದಲ ಬಾರಿಗೆ, ಮೆಲ್ಲಗೆ ಕೇಳಿದೆ.

“ಯಾವ ಭಾಷಾದಾಗ?”

“ನಿಮ್ಮ ಸಿಟ್ಟಿಗೆ ತೆಲುಗಿನ್ಯಾಗ” ಎಂದಳು ಗಿರಿಜಾ, ಚಹಾ ಸೋಸುತ್ತಾ. “ಮನೀಗೆ ನಮ್ಮ ಕನ್ನಡದಾಗ.”

ಹೀಗೆ ಮುಖಕ್ಕೇ ಸಿಟ್ಟು ಎಂದದ್ದಕ್ಕೆ ನನಗೆ ನ್ಯಾಯವಾಗಿ ಅಸಮಾಧಾನ ಬರಬೇಕಿತ್ತು. ಬರುವುದರಲ್ಲೂ ಇತ್ತು, ಲೋಟ ಕೈಗೆತ್ತಿಕೊಂಡೆ ಕೂಡ. ಆದರೆ ಅದರ ತುಂಬ ಮುನಿವೆಂಕಟಮ್ಮನ ಹಾಲಿನ ಚಹಾ ಇತ್ತು, ಚೆಲ್ಲೀತೆಂದು ಮೆಲ್ಲಗೆ ಕೆಳಗಿಟ್ಟೆ.