ತೆರೆಯೊಂದಿಗೆ ಜಗಳ ಕಾಯುವ ಮಾವ

ರಾಯಚೂರಿನ ಚಿತ್ರಮಂದಿರಗಳಿಂದ ಹೊರಗೆ ಹಾಕಿಸಿಕೊಂಡವರು ಬೇಕಾದಷ್ಟು ಜನ ಸಿಗುತ್ತಾರೆ. ಆದರೆ ಚಹಾ ಕುಡಿಸಿ, ಕೈಮುಗಿದು, "ಇನ್ನ ಮ್ಯಾಲೆ ಬರಬ್ಯಾಡ್ರಿ ಯಜಮಾನ್ರ" ಎಂದು ಮರ್ಯಾದೆಯಿಂದ ಬೀಳ್ಕೊಡಿಸಿಕೊಂಡವನು ನನಗೆ ತಿಳಿದಂತೆ ಒಬ್ಬನೇ. ಆತ ನನ್ನ ಸೋದರಮಾವ. ಅಂದು ಆತನ ಪಕ್ಕದ ಸೀಟಿನಲ್ಲಿ ಕೂತಿದ್ದವಳು ನಾನು. ಸೀಟಿನ ಕೆಳಗೆ ಜಾಗವಿದ್ದಿದ್ದರೆ ಅಲ್ಲಿಯೇ ಕೂರುತ್ತಿದ್ದೆ.

ಮಾವ ಇರುವುದು ದೇವದುರ್ಗದಲ್ಲಿ. ಸರ್ಕಾರಿ ಬಸ್ಸಿನ ಕಂಡಕ್ಟರಾಗಿ ದೇವದುರ್ಗ–ರಾಯಚೂರು ದಾರಿಯಲ್ಲೇ ವಯಸ್ಸು ಕಳೆದು ನಿವೃತ್ತನಾದವ. ನೌಕರಿ ಹೋಯಿತು, ಕಂಠ ಉಳಿಯಿತು. ತುಂಬಿದ ಬಸ್ಸಿನ ಹಿಂದಿನ ಬಾಗಿಲಿನಿಂದ ಡ್ರೈವರಿಗೆ ಕೇಳಿಸಬೇಕೆಂದು ತಯಾರಾದ ಕಂಠ ಅದು. ಆತ ಪಿಸುಗುಟ್ಟಿದರೂ ನಾಲ್ಕು ಸಾಲು ಮುಂದಿನವರು ತಿರುಗಿ ನೋಡುತ್ತಾರೆ. ಇಂಥ ಮನುಷ್ಯನಿಗೆ ಸಿನಿಮಾದ ಹುಚ್ಚು. ಸುಮ್ಮನೆ ನೋಡುವ ಹುಚ್ಚಾಗಿದ್ದರೆ ಯಾರಿಗೇನು ತೊಂದರೆ? ತೆರೆಯ ಮೇಲಿನವರಿಗೆ ಬುದ್ಧಿ ಹೇಳುವ ಹುಚ್ಚು. ಆತನ ಹೆಂಡತಿ, ನಮ್ಮ ಅತ್ತೆ, ಗಂಡನ ಜೊತೆ ಸಿನಿಮಾಕ್ಕೆ ಹೋಗುವುದನ್ನು ಮದುವೆಯಾದ ವರ್ಷವೇ ಬಿಟ್ಟಳಂತೆ. ಹಾಗಾಗಿ ಆತ ರಾಯಚೂರಿಗೆ ಬಂದಾಗಲೆಲ್ಲ ಆ ಪಾಳಿ ನನಗೆ ಬರುತ್ತದೆ.

ಅವತ್ತಿನ ಸಿನಿಮಾದಲ್ಲಿ ನಾಯಕನ ತಾಯಿಗೆ ಗುಂಡು ಬಿದ್ದಿತ್ತು. ಆಕೆ ಮಗನ ತೊಡೆಯ ಮೇಲೆ ತಲೆಯಿಟ್ಟು ಅವನ ಹುಟ್ಟಿನ ಗುಟ್ಟು ಹೇಳತೊಡಗಿದಳು. ಮಗ ಕೇಳುತ್ತಿದ್ದ, ಮಳೆ ಸುರಿಯುತ್ತಿತ್ತು. ನನ್ನ ಕಣ್ಣೂ ಸ್ವಲ್ಪ ತೇವವಾಗಿತ್ತು. ಅಷ್ಟರಲ್ಲಿ ಮಾವ ಎದ್ದು ನಿಂತ.

"ಲೇ ತಮ್ಮಾ, ಗಾಡಿ ಅಲ್ಲೇ ಅದ ಅಲ್ಲ? ಮೊದಲ ದವಾಖಾನಿಗೆ ಕರ್ಕೊಂಡು ಹೋಗು. ಮಾತು ದಾರ್ಯಾಗ ಆಡೀರಂತ."

ಇಡೀ ಚಿತ್ರಮಂದಿರ ಬಿದ್ದು ಬಿದ್ದು ನಕ್ಕಿತು. ತಾಯಿ ಸತ್ತದ್ದು ಯಾರಿಗೂ ಕೇಳಿಸಲಿಲ್ಲ. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡರೂ ಏನು ಬಂತು? ನಾನು ಹೈಸ್ಕೂಲಿನ ಟೀಚರ್. ಹಿಂದಿನ ಸಾಲಿನಲ್ಲಿ ನನ್ನ ಒಂಬತ್ತನೇ ತರಗತಿಯ ಅರ್ಧ ಕ್ಲಾಸೇ ಕೂತಿತ್ತು. ಸೋಮವಾರ ಹೋಮ್‌ವರ್ಕ್ ಮಾಡದವನೊಬ್ಬನಿಗೆ ಸಾವಕಾಶವಾಗಿ ಬೈಯುತ್ತಿದ್ದಾಗ ಕೊನೆಯ ಬೆಂಚಿನಿಂದ ಮೆಲ್ಲಗೆ ದನಿ ಬಂತು. "ಮಿಸ್, ಮೊದಲ ದವಾಖಾನಿಗೆ ಕರ್ಕೊಂಡು ಹೋಗೋಣ್ರಿ."

ಸಿನಿಮಾ ಎಂದರೆ ತಿಂಗಳಿಗೊಂದು. ಟಿವಿಯ ಕಥೆ ಹಾಗಲ್ಲ, ಅದು ಎಲ್ಲರ ಮನೆಯಲ್ಲೂ ಇದೆ. ಅಂದರೆ ಮಾವ ಎಲ್ಲರ ಮನೆಯಲ್ಲೂ ನನ್ನ ಮಾನ ಕಳೆಯಬಲ್ಲ.

ನನ್ನ ಮೈದುನನಿಗೆ ಹೆಣ್ಣು ನೋಡಲು ಮಾನ್ವಿಗೆ ಹೋಗಿದ್ದೆವು. ಹಿರಿಯ ಅಂತ ಮಾವನನ್ನೂ ಕರೆದುಕೊಂಡು ಹೋಗಿದ್ದೆವು. ಅವರ ಮನೆಯಲ್ಲಿ ಮಂಡಾಳ ಒಗ್ಗರಣಿ, ಮಿರ್ಚಿ ಬಂತು, ಹುಡುಗಿಯೂ ಬಂದಳು. ಮೂಲೆಯಲ್ಲಿ ಟಿವಿ ನಡೆದಿತ್ತು. ಒಂದಷ್ಟು ಜನರನ್ನು ಒಂದು ಮನೆಯಲ್ಲಿ ಕೂಡಿಹಾಕಿ ಜಗಳ ನೋಡುವ ಆ ಕಾರ್ಯಕ್ರಮ. ಹುಡುಗಿಯ ತಾಯಿ ಪರದೆಯ ಮೇಲಿನ ಒಬ್ಬ ಹುಡುಗನನ್ನು ತೋರಿಸಿ, "ಈತ ಅಂದ್ರ ನಮಗ ಪ್ರಾಣ ನೋಡ್ರಿ. ಏನು ಮಾತಾಡ್ತಾನ" ಎಂದರು.

ನಾನು ಮಾವನ ಕಾಲು ತುಳಿದೆ. ಆತ ಕಾಲು ಹಿಂದಕ್ಕೆಳೆದುಕೊಂಡು ಹೇಳಿದ.

"ಮಾತಾಡ್ತಾನ್ರಿ, ತಾಟು ತೊಳಿಯಂಗಿಲ್ಲ. ಬಂದಾಗಿಂದ ನೋಡಾಕತ್ತೀನಿ, ಒಂದ ದಿನ ಕಸಬರಿಗಿ ಹಿಡದಿಲ್ಲ. ಆ ಮೂಲ್ಯಾಗ ರೊಟ್ಟಿ ಮಾಡಾಕತ್ತಾಳ ನೋಡ್ರಿ ಆಕಿ, ಆಕೀನ ಗೆಲ್ಲಬೇಕು."

"ಆಕೀನಾ? ಆಕಿ ಬಾಯಿ ಸತ್ತಾಕಿ."

"ಹಿಟ್ಟು ನಾದಬೇಕಾದ್ರ ಬಾಯಿ ಯಾಕ ಬೇಕ್ರಿ?"

ಹುಡುಗಿಯ ತಂದೆ ಹೆಂಡತಿಯ ಕಡೆ ಸೇರಿದರು. ನನ್ನ ಗಂಡ, ಸುಮ್ಮನೆ ಮಿರ್ಚಿ ತಿನ್ನುವುದು ಬಿಟ್ಟು, ಮಾವನ ಮಾತಿನಲ್ಲಿ ಸ್ವಲ್ಪ ಸತ್ಯವಿದೆ ಎಂದುಬಿಟ್ಟ. ಮೈದುನನಿಗೆ ಹುಡುಗಿಯನ್ನು ಒಂದು ಮಾತು ಕೇಳುವಷ್ಟೂ ಸಮಯ ಸಿಗಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ನಾನು ಯಾರ ಮುಖವನ್ನೂ ನೋಡಲಿಲ್ಲ. ಆಮೇಲೆ ಆ ಮಾತುಗಾರ ಹುಡುಗ ಟಿವಿಯ ಮನೆಯಿಂದ ಹೊರಬಿದ್ದ. ಅದೇ ವಾರ ಮಾನ್ವಿಯಿಂದ ಫೋನ್ ಬಂತು. ಮದುವೆಯೂ ಆಯಿತು. ಇವತ್ತಿಗೂ ಆ ಬೀಗಿತ್ತಿ ನನ್ನ ಮಾವನ ಎದುರು ಟಿವಿ ಹಚ್ಚುವುದಿಲ್ಲ.

ಇಷ್ಟೆಲ್ಲ ತಮಾಷೆಯ ಮಾವ ಒಂದು ವಿಷಯದಲ್ಲಿ ಮಾತ್ರ ತಮಾಷೆ ಬಿಡುತ್ತಿದ್ದ. ಹಾಡಿನ ಸ್ಪರ್ಧೆಗಳಲ್ಲಿ ಹಾಡು ಮುಗಿದ ಮೇಲೆ ಹಾಡಿದವರ ಮನೆ ತೋರಿಸುತ್ತಾರಲ್ಲ? ತಗಡಿನ ಮನೆ, ಒಲೆ ಊದುವ ತಾಯಿ, ಹಿಂದಿನಿಂದ ಪಿಟೀಲು. ಆ ಪಿಟೀಲು ಶುರುವಾಯಿತೆಂದರೆ ಮಾವ ಎದ್ದು ಹೋಗಿ ಟಿವಿಯನ್ನೇ ಬಂದ್ ಮಾಡುತ್ತಿದ್ದ. ರಿಮೋಟ್ ಕೈಯಲ್ಲೇ ಇದ್ದರೂ ಎದ್ದೇ ಹೋಗುತ್ತಿದ್ದ.

"ಹಾಡು ಛಲೋ ಇದ್ರ ಛಲೋ ಅನ್ರಿ. ಬಡತನಕ್ಕ ಪಿಟೀಲು ಯಾಕ?"

ನೋಡುತ್ತ ಕೂತ ನಾವು ಸಿಡುಕುತ್ತಿದ್ದೆವು. ಆತ ಅಂಗಳಕ್ಕೆ ಹೋಗಿ ನಿಲ್ಲುತ್ತಿದ್ದ.

ಇಂಥ ಮಾವ ಬಂದುಹೋಗುವ ಮನೆಯಲ್ಲಿ ನನ್ನ ಮಗಳು ಅಂಥದೇ ಒಂದು ಸ್ಪರ್ಧೆಗೆ ಆಯ್ಕೆಯಾದಳು. ರಾಯಚೂರಿನ ಒಂದು ಕಲ್ಯಾಣ ಮಂಟಪದಲ್ಲಿ ಆಯ್ಕೆ ನಡೆದಿತ್ತು. ನೂರಾರು ಮಕ್ಕಳ ನಡುವೆ ನಿಂತು ಹಾಡಿ, ಮುಂದಿನ ಸುತ್ತಿಗೆ ಹೆಸರು ಬಂದು, ಓಡಿ ಬಂದು ನನ್ನ ಕೊರಳಿಗೆ ಬಿದ್ದಳು. ಹತ್ತನೇ ತರಗತಿಯ ಹುಡುಗಿ.

ಕೆಲವು ದಿನಗಳಾದ ಮೇಲೆ ಚಾನೆಲ್ಲಿನ ಹುಡುಗನೊಬ್ಬ ಕ್ಯಾಮೆರಾದವನ ಜೊತೆ ನಮ್ಮ ಮನೆಗೆ ಬಂದ. ಬೆಂಗಳೂರಿನವನು, ಬಹಳ ಸೌಮ್ಯ. ನಮ್ಮ ಟೈಲ್ಸು, ಫ್ರಿಜ್ಜು, ಸೋಫಾ ಎಲ್ಲ ನೋಡಿ ಆತನ ಮುಖ ಸಣ್ಣಗಾಯಿತು.

"ಮೇಡಂ, ಮನೆ ತುಂಬಾ ಚೆನ್ನಾಗಿದೆ," ಎಂದ, ಯಾರೋ ತೀರಿಕೊಂಡರೆಂದು ಹೇಳುವ ದನಿಯಲ್ಲಿ. "ನಿಮ್ಮಲ್ಲಿ ಕಷ್ಟಪಟ್ಟವರು ಯಾರೂ ಇಲ್ವಾ?"

ಮೂಲೆಯಲ್ಲಿ ಕೂತಿದ್ದ ನನ್ನ ಅವ್ವ ತಲೆಯೆತ್ತಿದಳು. ಅವ್ವ ನಮ್ಮ ಜೊತೆಯೇ ಇರುತ್ತಾಳೆ. ಆಕೆಯ ತವರು ಮಾನ್ವಿ ತಾಲೂಕಿನ ಚೀಕಲಪರ್ವಿ. ಹುಡುಗಿಯಾಗಿದ್ದಾಗ ಅಲ್ಲಿ ಸುತ್ತಮುತ್ತ ಕಾಲುವೆ ಕೆಲಸದಲ್ಲಿ ಮಣ್ಣು ಹೊತ್ತವಳು. ಅದನ್ನು ಆ ಹುಡುಗ ಕೇಳಿ ಕೇಳಿ ಹೊರಗೆ ತೆಗೆದ. ಅವನ ಮುಖಕ್ಕೆ ಕಳೆ ಬಂತು.

"ಅಜ್ಜಿ, ಆ ಊರಿಗೇ ಹೋಗಿ ಸ್ವಲ್ಪ ಶೂಟ್ ಮಾಡೋಣ. ಬುಟ್ಟಿ ಹೊತ್ಕೊಂಡು ನಡೆದ್ರೆ ಸಾಕು."

"ಹುಡುಗೀಗೆ ಛಲೋ ಆಗತೈತೇನಪ್ಪ?" ಎಂದು ಅವ್ವ ಕೇಳಿದಳು.

"ತುಂಬಾ ಹೆಲ್ಪ್ ಆಗುತ್ತೆ ಅಜ್ಜಿ."

"ಹಂಗಾರ ಹೊರ್ತೀನಿ."

ಮಾವನಿಗೆ ಹೇಳಬಾರದೆಂದು ಮನೆಯಲ್ಲಿ ತೀರ್ಮಾನವಾಯಿತು. ಆತನ ಫೋನ್ ಬಂದಾಗ, ನೀರಮಾನ್ವಿ ಎಲ್ಲಮ್ಮನ ಗುಡಿಗೆ ಹೋಗಿ ಬರುತ್ತೇವೆ ಎಂದು ನನ್ನ ಗಂಡ ಹೇಳಿದ. ಆದರೆ ಮಗಳು ಸಂತೋಷ ತಡೆಯಲಾರದೆ ತಾತ ಎಂದು ಕರೆಯುವ ಮಾವನಿಗೆ ತಾನೇ ಫೋನ್ ಮಾಡಿ ಎಲ್ಲವನ್ನೂ ಹೇಳಿಬಿಟ್ಟಿದ್ದಳು.

ಚೀಕಲಪರ್ವಿಯ ಹೊರಗಿನ ಕಾಲುವೆ ದಂಡೆಯ ಮೇಲೆ ಊರಿನ ಅರ್ಧ ಜನ ಸೇರಿದ್ದರು. ಅವ್ವ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಅದು ಬೇಡ ಎಂದು ಅಲ್ಲಿನ ಸಂಬಂಧಿಕರ ಮನೆಯಿಂದ ಒಂದು ಮಾಸಿದ ಸೀರೆ ತರಿಸಿ ಉಡಿಸಿದರು. ತಲೆಗೆ ಬಟ್ಟೆ ಸುತ್ತಿದ ಸಿಂಬಿ, ಸಿಂಬಿಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಮಣ್ಣು. ಅವ್ವ ನಡೆದಳು. "ಅಜ್ಜಿ, ಇನ್ನೂ ನಿಧಾನ. ಸುಸ್ತಾದ ಹಾಗೆ," ಎಂದ ಹುಡುಗ. ಅವ್ವ ತಿರುಗಿ ಹೋಗಿ ಇನ್ನೊಮ್ಮೆ ನಡೆದಳು.

ಆಗ ಹಿಂದಿನಿಂದ ಆ ಕಂಠ ಕೇಳಿತು.

"ಯಾಂವಲೇ ಅಂವ ಸುಸ್ತಾಗು ಅನ್ನಾಂವ? ಆಕಿಗೆ ವಯಸ್ಸಾಗೇದ, ಸುಮ್ನ ನಡದ್ರೂ ಸುಸ್ತ ಆಗ್ತಾಳ."

ಜನ ಗೊಳ್ಳೆಂದು ನಕ್ಕರು. ಬಸ್ಸಿಳಿದು ಬಿಸಿಲಿನಲ್ಲಿ ನಡೆದು ಬಂದ ಮಾವ ಜನರನ್ನು ಸರಿಸುತ್ತ ಬರುತ್ತಿದ್ದ. ನನ್ನ ಕಿವಿ ಕಾದುಹೋಯಿತು. ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ಮಗಳು ನನ್ನ ಕೈ ಹಿಡಿದು, "ಮಮ್ಮಿ, ತಾತನಿಗೆ ಹೇಳು, ಪ್ಲೀಸ್" ಎಂದಳು. ನಾನು ಓಡಿ ಹೋಗಿ ಆತನ ತೋಳು ಹಿಡಿದೆ.

"ಮಾವ, ಕೈ ಮುಗೀತೀನಿ. ಇದು ಸಿನಿಮಾ ಥೇಟರ್ ಅಲ್ಲ."

ಆತ ನನ್ನನ್ನು ನೋಡಲೇ ಇಲ್ಲ. ಚಾನೆಲ್ಲಿನ ಹುಡುಗ ಮಾತ್ರ ಖುಷಿಯಾಗಿದ್ದ. "ಅಂಕಲ್, ನೀವು ಅಜ್ಜಿಯ ತಮ್ಮ ಅಲ್ವಾ? ತುಂಬಾ ನ್ಯಾಚುರಲ್ ಆಗಿದ್ದೀರಿ. ಫ್ರೇಮ್‌ಗೆ ಬನ್ನಿ. ಅಕ್ಕನ ಬಗ್ಗೆ ಎರಡು ಮಾತು ಹೇಳಿ."

ಮಾವ ಬಂದು ಅಕ್ಕನ ಎದುರು ನಿಂತ. ಇನ್ನೇನು ಸಿಡಿಯುತ್ತಾನೆಂದು ನಾನು ಕಣ್ಣು ಮುಚ್ಚಿಕೊಂಡೆ. ಕಣ್ಣು ತೆರೆದರೆ ಆತ ಎರಡೂ ಕೈ ಎತ್ತಿ ಅವ್ವನ ತಲೆಯ ಮೇಲಿನ ಬುಟ್ಟಿಯನ್ನು ಇಳಿಸಿ ನೆಲಕ್ಕಿಡುತ್ತಿದ್ದ. ಆಮೇಲೆ ಹೇಳಿದ್ದು ಪಕ್ಕದಲ್ಲಿದ್ದ ನಮಗಷ್ಟೇ ಕೇಳಿಸಿತು.

"ನನ್ನ ಸಾಲಿಗಂತ ಹೊತ್ತಾಳ. ಟಿವಿಗಂತ ಹೊರಬಾರದು."

"ಸೂಪರ್ ಅಂಕಲ್," ಎಂದ ಹುಡುಗ. "ಅದನ್ನೇ ಇನ್ನೊಂದ್ಸಲ. ಸ್ವಲ್ಪ ಜೋರಾಗಿ, ಈ ಕಡೆ ನೋಡಿ."

ಮಾವ ಕ್ಯಾಮೆರಾದ ಕಣ್ಣಿಗೆ ಅಂಗೈ ಅಡ್ಡ ಇಟ್ಟ. "ತಮ್ಮಾ, ಹುಡುಗಿ ಹಾಡ್ತಾಳ. ಹಾಡು ತಗೊಂಡು ಹೋಗ್ರಿ."

ಹುಡುಗ ಪಾಪ, ನನ್ನ ಮುಖ ನೋಡಿದ, ನನ್ನ ಗಂಡನ ಮುಖ ನೋಡಿದ. ಅವ್ವ ಆಗಲೇ ಮಾಸಿದ ಸೀರೆಯ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಅತ್ತ ನಡೆದಿದ್ದಳು. ಮಗಳನ್ನು ದಂಡೆಯ ಮೇಲೆ ನಿಲ್ಲಿಸಿ ಹಾಡಿಸಿದರು. ಅತ್ತು ಅತ್ತು ಆಕೆಯ ಗಂಟಲು ಕಟ್ಟಿತ್ತು. ಚಾನೆಲ್ಲಿನವರು ಗಾಡಿ ಹತ್ತಿ ಹೋದರು.

ಮುಂದಿನ ಸುತ್ತಿನಲ್ಲಿ ಮಗಳು ಹೊರಬಿದ್ದಳು. ಆ ಕಂತು ಪ್ರಸಾರವಾದ ದಿನ ಮಾವ ನಮ್ಮ ಮನೆಯಲ್ಲೇ ಇದ್ದ. ಎರಡನೇ ಚರಣದಲ್ಲಿ ಶ್ರುತಿ ಜಾರಿತು ಎಂದರು ನಿರ್ಣಾಯಕರೊಬ್ಬರು. ಮನೆಯವರೆಲ್ಲ ಉಸಿರು ಬಿಗಿಹಿಡಿದು ಕೂತಿದ್ದಾಗ ಮಾವ ತಲೆದೂಗಿದ.

"ಖರೇ ಹೇಳ್ಯಾನ. ಜಾರಿತ್ತು."

ಟಿವಿಯವರನ್ನು ಆತ ಹೊಗಳಿದ್ದು ಅದೇ ಮೊದಲು. ಹೊಗಳುವುದಕ್ಕೆ ಆತನಿಗೆ ಅದೇ ದಿನ ಸಿಗಬೇಕಿತ್ತೇ? ಮಗಳು ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಅಜ್ಜಿಯ ಬುಟ್ಟಿ ತೋರಿಸಿದ್ದರೆ ತಾನು ಉಳಿಯುತ್ತಿದ್ದೆ ಎಂದು ಆಕೆ ನಂಬಿದ್ದಳು. ಇರಬಹುದು. ಯಾರಿಗೆ ಗೊತ್ತು? ನನಗೆ ಮಾತ್ರ ಮಾವನ ಮುಖ ನೋಡಲು ಮನಸ್ಸಾಗಲಿಲ್ಲ. ಊರ ಮುಂದೆ ಆದ ಅವಮಾನ ಇನ್ನೂ ಬಿಸಿಯಾಗಿತ್ತು.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಅವ್ವ ತಲೆ ಬಾಚಿಕೊಳ್ಳಲು ಕೂತಿದ್ದಳು. ಮಾವ ಆಕೆಯ ಹಿಂದೆ ಮೆಟ್ಟಿಲ ಮೇಲೆ ಕೂತು ಅಂಗೈಗೆ ಕೊಬ್ಬರಿ ಎಣ್ಣೆ ಸುರಿದುಕೊಂಡ. ಅವ್ವ ಯಾರೆದುರೂ ತಲೆಯ ಸೆರಗು ಸರಿಸುವವಳಲ್ಲ. ತಮ್ಮನ ಎದುರು ಸರಿಸಿದಳು. ನಡುನೆತ್ತಿಯಲ್ಲಿ ಅಂಗೈಯಗಲದಷ್ಟು ಜಾಗ ಕೂದಲಿಲ್ಲದೆ ನುಣ್ಣಗಾಗಿತ್ತು. ಸಿಂಬಿ ಕೂರುವ ಜಾಗ. ಮಾವ ಅಲ್ಲಿ ಬೆರಳ ತುದಿಯಿಂದ, ಕೂಸಿನ ನೆತ್ತಿಗೆ ಹಚ್ಚುವಷ್ಟು ಮೆತ್ತಗೆ ಎಣ್ಣೆ ಹಚ್ಚತೊಡಗಿದ.

"ಇನ್ನೂ ನೋಯ್ತೈತೇನಕ್ಕ?"

"ಈಗೇನು ನೋಯ್ತದ ಬಿಡೋ. ಆಗ ನೀ ಸಾಲಿ ಬಿಟ್ಟು ಬಂದ ಕೂಡಲೇ ಹಚ್ಚತಿದ್ದಿ. ನಿನ್ನ ಕೈಗೆ ಮಸಿ ಇರ್ತಿತ್ತು."

ಬಾಗಿಲ ಬಳಿ ಸದ್ದಾಯಿತು. ನನ್ನ ಮಗಳು ಬಂದು ನಿಂತಿದ್ದಳು. ಅಜ್ಜಿಯ ನೆತ್ತಿಯನ್ನು ನೋಡುತ್ತಿದ್ದಳು. ಆಕೆಯೂ ನನ್ನಂತೆ ಅದನ್ನು ಅಂದೇ ಮೊದಲು ನೋಡಿದ್ದು. ಮಾವ ತಲೆಯೆತ್ತಿದ.

"ಮೊದಲ ಹಿಂಗ ಇರಲಿಲ್ಲ ಯವ್ವಾ," ಎಂದ. "ಇಡೀ ಚೀಕಲಪರ್ವ್ಯಾಗ ನಿಮ್ಮಜ್ಜಿಯಂಥ ಕೂದ್ಲ ಯಾರಿಗೂ ಇರಲಿಲ್ಲ. ಇಲ್ಲೀತನಕ ಇದ್ವು." ಕೂತಲ್ಲೇ ಬಾಗಿ ಅಕ್ಕನ ಬೆನ್ನ ನಡುವೆ ಕೈಯಿಟ್ಟು ತೋರಿಸಿದ.

ಅವ್ವ ಹಿಂದೆ ತಿರುಗಲಿಲ್ಲ. ತನ್ನ ಕೈಯನ್ನು ಬೆನ್ನ ಹಿಂದೆ ತಂದು, ತಮ್ಮನ ಕೈ ಹುಡುಕಿ ಹಿಡಿದು, ಅದನ್ನು ಇನ್ನೂ ಕೆಳಗೆ, ಸೊಂಟದ ಕೆಳಗಿನವರೆಗೆ ಒಯ್ದಳು.

"ಇಲ್ಲೀತನಕ," ಎಂದಳು.